ಹಿತ್ತಲಿನ ನೀರು ಹೋದ ದಾರಿ

ಹುಬ್ಬಳ್ಳಿಯಲ್ಲಿ ನಾವೀಗ ಇರುವ ಮನೆಯ ಪಕ್ಕದ ಜಾಗದಲ್ಲಿ ಯಾರೋ ಮನೆ ಕಟ್ಟಿಸಲೆಂದು ಪಾಯ ತೋಡಿಸಿ, ಅಷ್ಟಕ್ಕೇ ಬಿಟ್ಟುಹೋಗಿದ್ದಾರೆ. ಮಳೆ ಹಿಡಿದರೆ ಆ ಗುಂಡಿ ತುಂಬುತ್ತದೆ. ತುಂಬಿದ ನೀರು ನಾಲ್ಕು ಬಿಸಿಲು ಕಂಡ ಮೇಲೆ ಅಲ್ಲಿಂದ ಒಂದು ವಾಸನೆ ಏಳುತ್ತದೆ. ಪಾಚಿಯದು, ಕೊಳೆತ ಬೇವಿನೆಲೆಯದು, ನೆನೆದು ಉಬ್ಬಿ ಮತ್ತೆ ಬಿರಿಯತೊಡಗಿದ ಎರೆಮಣ್ಣಿನದು. ಓಣಿಯವರು ಮೂಗು ಮುಚ್ಚಿಕೊಂಡು ಬಿರಬಿರನೆ ದಾಟಿ ಹೋಗುತ್ತಾರೆ. ನನ್ನ ಗಂಡ ಆ ಕಡೆಯ ಕಿಟಕಿ ಹಾಕಿಬಿಡುತ್ತಾರೆ. ಹಾಲು ತರಲು ಹೋದ ನಾನು ಮಾತ್ರ ಆ ಗುಂಡಿಯ ಅಂಚಿನಲ್ಲಿ ಒಂದು ಗಳಿಗೆ ನಿಂತುಬಿಡುತ್ತೇನೆ. ಆ ವಾಸನೆಗೆ ಒಂದಿಷ್ಟು ಒಣಮೆಣಸಿನಕಾಯಿ ತೊಟ್ಟಿನ ಘಾಟು ಸೇರಿದರೆ ಸಾಕು, ನಾನು ಬ್ಯಾಡಗಿಯಲ್ಲಿ, ನಮ್ಮ ಹಿತ್ತಲ ಬಾಗಿಲಿನ ಹೊಸ್ತಿಲ ಮೇಲೆ, ಮೊಣಕಾಲು ಮಡಚಿಕೊಂಡು ಕುಳಿತಿರುತ್ತೇನೆ. ನಿಂತ ನೀರಿನ ವಾಸನೆಯನ್ನು ಪ್ರೀತಿಸುವವರು ಯಾರಾದರೂ ಇದ್ದಾರೆಯೇ ಎಂದು ನೀವು ಕೇಳಬಹುದು. ಪ್ರೀತಿಯೆಂದು ನಾನೂ ಹೇಳಲಾರೆ. ಆದರೆ ಬಾಲ್ಯದ ಮನೆ ಕೈಬಿಟ್ಟು ಹೋದವರಿಗೆ ಗೊತ್ತು, ನೆನಪು ಬರುವಾಗ ಮಲ್ಲಿಗೆಯ ದಾರಿಯಲ್ಲೇ ಬರಬೇಕೆಂಬ ನಿಯಮವೇನೂ ಇಲ್ಲ.

ನಮ್ಮ ಮನೆ ಮೊದಲು ಒಂದೇ ಆಗಿತ್ತು. ಓಣಿಗೆ ಮುಖ ಮಾಡಿದ ಉದ್ದನೆಯ ಕಲ್ಲಿನ ಕಟ್ಟೆ, ಅದರ ಹಿಂದೆ ಪಡಸಾಲೆ, ಹಗಲಲ್ಲೂ ಅರೆಗತ್ತಲಿನ ನಡುಮನೆ, ಹೊಗೆ ಹಿಡಿದ ಅಡುಗೆಮನೆ, ಅದಕ್ಕೆ ಅಂಟಿದ, ಹಿತ್ತಲ ಕಡೆ ಬಾಗಿಲಿನ ಬಚ್ಚಲು, ಕೊನೆಗೆ ಹಿತ್ತಲು. ಅಲ್ಲಿ ಒಂದು ಬೇವಿನ ಮರ, ಒಂದು ತುಳಸಿಕಟ್ಟೆ, ಬಟ್ಟೆ ಒಗೆಯುವ ಕಲ್ಲು. ಬೇಸಿಗೆಯಲ್ಲಿ ಊರಿನ ಎಲ್ಲ ಮನೆಗಳಂತೆ ನಮ್ಮಲ್ಲೂ ಹೆಂಗಸರು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂರುತ್ತಿದ್ದರು. ಹಿತ್ತಲ ಮೂಲೆಯಲ್ಲಿ ತೊಟ್ಟಿನ ಗುಡ್ಡೆ ಬೀಳುತ್ತಿತ್ತು, ಗಾಳಿ ಬೀಸಿದರೆ ಇಡೀ ಓಣಿ ಸೀನುತ್ತಿತ್ತು. ಹಿತ್ತಲಿನ ನೆಲ ಮೂಡಲಿಗೆ ಇಳಿಜಾರಾಗಿತ್ತು. ಆ ತುದಿಯಲ್ಲಿ ಬೇಲಿ, ಬೇಲಿಯಾಚೆ ಮಳೆಗಾಲದಲ್ಲಷ್ಟೇ ಹರಿಯುವ ಒಂದು ಸಣ್ಣ ಹಳ್ಳ. ಮನೆಯಲ್ಲಿ ನಮ್ಮ ಅಪ್ಪ, ಅವ್ವ, ಅಪ್ಪನ ಅಣ್ಣನಾದ ದೊಡ್ಡಪ್ಪ, ಅವನ ಹೆಂಡತಿ ನೀಲವ್ವ ದೊಡ್ಡವ್ವ, ಅವರ ಮಗಳು ಶಾಂತಕ್ಕ, ಅಪ್ಪನ ತಂಗಿಯಾದ ನನ್ನ ಅತ್ತೆ, ಇವರೆಲ್ಲರ ಮೇಲೆ ಆಯಿ, ಅಂದರೆ ಅಪ್ಪನ ತಾಯಿ. ಅಜ್ಜನನ್ನು ನಾನು ಕಂಡದ್ದು ನೆನಪಿಲ್ಲ. ಅವ್ವ ಮತ್ತು ದೊಡ್ಡವ್ವ ಒಂದೇ ಒಲೆಯ ಮುಂದೆ ಕುಳಿತು ಒಬ್ಬಳು ರೊಟ್ಟಿ ಬಡಿದರೆ ಒಬ್ಬಳು ಬೇಯಿಸುತ್ತಿದ್ದುದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ರೊಟ್ಟಿ ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ಹೋಗುವ ಸಪ್ಪಳವೇ ಅವರ ಮಾತಾಗಿತ್ತು.

ಜಗಳ ಹುಟ್ಟಿದ್ದು ಅತ್ತೆಯ ಮದುವೆಯಲ್ಲಿ. ವರನನ್ನು ನೋಡಲು ಹೋಗುವಾಗ ತನ್ನನ್ನು ಕೇಳಲಿಲ್ಲವೆಂದು ಅಪ್ಪನಿಗೆ ಸಿಟ್ಟು. ಕರೆದಾಗ ಬರಲಿಲ್ಲವೆಂದು ದೊಡ್ಡಪ್ಪನಿಗೆ. ಮದುವೆಯೇನೋ ಚೆನ್ನಾಗಿಯೇ ಆಯಿತು, ಅತ್ತೆ ಗಂಡನ ಮನೆಯಲ್ಲಿ ಸುಖವಾಗಿಯೂ ಇದ್ದಳು. ಇಲ್ಲಿ ಇಬ್ಬರು ಅಣ್ಣತಮ್ಮಂದಿರು ಮಾತು ಬಿಟ್ಟರು. ಆಮೇಲೆ ಮನೆ ಪಾಲಾಯಿತು. ಮೂಡಲ ಅರ್ಧ ದೊಡ್ಡಪ್ಪನಿಗೆ, ಪಡುವಲ ಅರ್ಧ ನಮಗೆ. ಆಯಿ ನಮ್ಮ ಕಡೆ ಉಳಿದಳು, ಹಿತ್ತಲಲ್ಲಿದ್ದ ಗೌರಿ ಎಂಬ ಎಮ್ಮೆ ದೊಡ್ಡವ್ವನ ಕಡೆ ಹೋಯಿತು. ಆ ಬೇಸಿಗೆಯಲ್ಲೇ ಹಿತ್ತಲ ನಡುವೆ ಗೋಡೆ ಎದ್ದಿತು. ಅಜ್ಜನ ಕಾಲದಲ್ಲಿ ನಮ್ಮ ಬಚ್ಚಲಿನಿಂದ ಹಳ್ಳದವರೆಗೆ ಒಂದು ಕಲ್ಲಿನ ಗಟಾರ ಹಾಕಿದ್ದರು. ಹಿತ್ತಲಿಗೆ ಬಿದ್ದ ಮಳೆ ನೀರೆಲ್ಲ ಅದರಲ್ಲೇ ಹೋಗುತ್ತಿತ್ತು. ಗೋಡೆ ಅದಕ್ಕೆ ಅಡ್ಡ ಬಂತು. ಗೋಡೆ ಕಟ್ಟಲು ಬಂದ ಗೌಂಡಿ ಅಲ್ಲಿ ಕೈ ನಿಲ್ಲಿಸಿ, "ಇಲ್ಲಿ ನೀರಿಗೆ ಕಿಂಡಿ ಬಿಡ್ಲೇನ್ರಿ?" ಎಂದು ಕೇಳಿದ. ಅಪ್ಪ ಈ ಕಡೆ ನಿಂತಿದ್ದ, ದೊಡ್ಡಪ್ಪ ಆ ಕಡೆ. ಬಿಡು ಎಂದರೆ ತಾನು ಬೇಡಿಕೊಂಡಂತೆ ಎಂದು ಅಪ್ಪ ಸುಮ್ಮನಾದ. ಕೇಳದೆ ಕೊಟ್ಟರೆ ತಾನು ಸೋತಂತೆ ಎಂದು ದೊಡ್ಡಪ್ಪ ಸುಮ್ಮನಾದ. ಗೌಂಡಿ ಸ್ವಲ್ಪ ಹೊತ್ತು ಇವರ ಮುಖ ನೋಡಿದ, ಅವರ ಮುಖ ನೋಡಿದ, ಆಮೇಲೆ ಕೆಸರು ಮೆತ್ತಿ ಇಟ್ಟಂಗಿ ಇಟ್ಟ. ಬಿಸಿಲು ಸುಡುತ್ತಿತ್ತು. ನೀರಿನ ನೆನಪು ಯಾರಿಗೂ ಇರಲಿಲ್ಲ.

ಮಳೆ ಬಂತು. ಎರೆನೆಲದ ಗುಣ ನಿಮಗೆ ಗೊತ್ತಿರಬಹುದು. ಮೊದಲ ಮಳೆಯ ನೀರನ್ನು ಅದು ಬಿರುಕುಗಳ ತುಂಬ ಗಟಗಟ ಕುಡಿಯುತ್ತದೆ, ಆಮೇಲೆ ಉಬ್ಬಿ ಬಾಯಿ ಮುಚ್ಚಿಕೊಂಡುಬಿಡುತ್ತದೆ. ಒಂದು ಹನಿಯೂ ಇಳಿಯುವುದಿಲ್ಲ. ನಮ್ಮ ಮಾಡಿನ ನೀರು, ಬಚ್ಚಲ ನೀರು, ಓಣಿಯಿಂದ ಸಂದಿಯೊಳಗೆ ನುಗ್ಗಿದ ನೀರು ಎಲ್ಲ ಸೇರಿ ಗೋಡೆಯ ಬುಡಕ್ಕೆ ಬಂದು ನಿಂತವು. ಒಂದು ವಾರದಲ್ಲಿ ಹಿತ್ತಲೇ ಕೆರೆಯಾಯಿತು. ತುಳಸಿಕಟ್ಟೆ ನಡುಗಡ್ಡೆಯಂತೆ ನಿಂತಿತು. ಅವ್ವ ದಿನಾ ಮುಂಜಾನೆ ಸೀರೆ ಎತ್ತಿ ಕಟ್ಟಿ, ಮೊಣಕಾಲು ನೀರಲ್ಲಿ ಹೋಗಿ ತುಳಸಿಗೆ ನೀರು ಹಾಕಿ ಬರುತ್ತಿದ್ದಳು. ಮೊಣಕಾಲು ನೀರಲ್ಲಿ ನಿಂತು ಮತ್ತೊಂದು ತಂಬಿಗೆ ನೀರು ಹಾಕುವುದನ್ನು ನೋಡಿ ನನಗೆ ನಗು ಬರುತ್ತಿತ್ತು. ನನಗದು ಹಬ್ಬವೇ ಆಗಿತ್ತೆಂದು ಒಪ್ಪಿಕೊಳ್ಳಬೇಕು. ಕಪ್ಪೆಗಳ ವಟವಟ, ನೀರ ಮೇಲೆ ಕಾಲೂರಿ ಓಡುವ ಹುಳಗಳು, ನೀರಲ್ಲಿ ತಲೆಕೆಳಗಾಗಿ ಬಿದ್ದ ಬೇವಿನ ಮರ. ತೆಂಗಿನ ಕರಟದಲ್ಲಿ ಗುಲಗಂಜಿ ಹಾಕಿ ತೇಲಿಬಿಟ್ಟರೆ ಅದು ಗೋಡೆಯ ತನಕ ಹೋಗಿ, ಅಲ್ಲಿ ತಲೆ ಬಡಿದು ಬಡಿದು ನಿಲ್ಲುತ್ತಿತ್ತು.

ದೊಡ್ಡವರಿಗೆ ಅದು ಹಬ್ಬವಾಗಿರಲಿಲ್ಲ. ಅಡುಗೆಮನೆಯ ಗೋಡೆ ಕೆಳಗಿನಿಂದ ಮೇಲಕ್ಕೆ ಒದ್ದೆಯಾಗುತ್ತ ಬಂದು ಸುಣ್ಣ ಉದುರತೊಡಗಿತು. ಮೂಲೆಯಲ್ಲಿಟ್ಟಿದ್ದ ಜೋಳದ ಚೀಲದ ತಳ ಮೊಳಕೆಯೊಡೆಯಿತು. ಆಯಿ ಬಚ್ಚಲಿಗೆ ಹೋಗಲು ಅವ್ವನ ಹೆಗಲು ಹಿಡಿದು, ಸಾಲಾಗಿ ಇಟ್ಟ ಕಲ್ಲುಗಳ ಮೇಲೆ ಕಾಲಿಡಬೇಕಾಗಿತ್ತು. ಒಮ್ಮೆ ಜಾರಿ ಕುಳಿತುಬಿಟ್ಟಳು, ದೇವರ ದಯೆ, ಪೆಟ್ಟಾಗಲಿಲ್ಲ. ಅಪ್ಪ ಕೈಕಟ್ಟಿ ಕುಳಿತವನಲ್ಲ. ಬಕೆಟ್ಟಿನಿಂದ ಎತ್ತಿ ಎತ್ತಿ ಓಣಿಗೆ ಸುರಿದ, ಓಣಿಯವರು ಬೈದರು. ಚಕ್ಕಡಿ ತುಂಬ ಗರಸುಮಣ್ಣು ತರಿಸಿ ಹರವಿದ. ಗರಸು ಬಿದ್ದ ಕಡೆ ನೆಲವೇನೋ ಎತ್ತರವಾಯಿತು, ಅಲ್ಲಿದ್ದ ನೀರು ಸರಿದು ಅಡುಗೆಮನೆಯ ಬುಡಕ್ಕೇ ಬಂತು. ನೀರು ಇಂಗಲೆಂದು ಬೇವಿನ ಮರದ ಬದಿಗೆ ಆಳವಾದ ಗುಂಡಿ ತೋಡಿಸಿ ಕಲ್ಲು, ಮರಳು ತುಂಬಿಸಿದ. ಒಂದು ಮಳೆಗೆ ಅದು ಕಂಠದ ತನಕ ತುಂಬಿ ಬಾವಿಯಂತೆ ಸುಮ್ಮನೆ ಕುಳಿತಿತು. ಪ್ರತಿಸಲವೂ ಅಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡುತ್ತಿದ್ದ. ಗೋಡೆಯ ಕಡೆಗೆ ಮಾತ್ರ ನೋಡುತ್ತಿರಲಿಲ್ಲ. ಹಾಗೆಯೇ ಒಂದು ಮಳೆಗಾಲ ಕಳೆಯಿತು, ಬೇಸಿಗೆಯಲ್ಲಿ ಎಲ್ಲರೂ ಮರೆತರು, ಮತ್ತೆ ಮಳೆಗಾಲ ಬಂತು.

ಅಪ್ಪ ಹಾವೇರಿಯಲ್ಲಿ ಒಬ್ಬ ವಕೀಲರ ಹತ್ತಿರ ಟೈಪು ಮಾಡುವ ಕೆಲಸದಲ್ಲಿದ್ದ. ದೊಡ್ಡಪ್ಪನಿಗೆ ರಾಣೆಬೆನ್ನೂರಿನಲ್ಲಿ ಬೀಜ ಗೊಬ್ಬರದ ಅಂಗಡಿ. ಮಳೆಗಾಲವೆಂದರೆ ಅವನಿಗೆ ಉಸಿರಾಡಲು ಪುರಸೊತ್ತಿಲ್ಲದ ಕಾಲ. ಮುಂಜಾನೆ ಇಬ್ಬರೂ ಒಂದೇ ಬಸ್‌ಸ್ಟ್ಯಾಂಡಿಗೆ ಹೋಗಿ ಒಬ್ಬ ಆ ಊರಿನ ಬಸ್ಸು, ಒಬ್ಬ ಈ ಊರಿನ ಬಸ್ಸು ಹತ್ತುತ್ತಿದ್ದರು. ಹೆಂಗಸರು ಮಾತಾಡಬಾರದೆಂದು ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಹೇಳಿದ್ದರು. ಅವ್ವನಾಗಲಿ ದೊಡ್ಡವ್ವನಾಗಲಿ ಆ ಮಾತು ಮೀರಿದವರಲ್ಲ. ಆದರೆ ದೊಡ್ಡವ್ವ ಎಮ್ಮೆಯ ಜೊತೆ ಮಾತಾಡುತ್ತಿದ್ದಳು, ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಆಯಿಗೆ ಕಿವಿ ಸ್ವಲ್ಪ ಮಂದ. ಆದ್ದರಿಂದ ಅವ್ವ ಅವಳ ಜೊತೆ ಗಟ್ಟಿಯಾಗಿ ಮಾತಾಡಬೇಕಾಗುತ್ತಿತ್ತು, ಅದಕ್ಕೂ ಅಡ್ಡಿಯಿರಲಿಲ್ಲ. ಸಂಜೆ ಹಾಲು ಹಿಂಡುವ ಹೊತ್ತಿಗೆ ಗೋಡೆಯಾಚೆಯಿಂದ, "ಏನವಾ ಗೌರೀ, ಇವತ್ತ ಬಜಾರದಾಗ ಅವರಿಕಾಯಿ ಬಂದಾವಂತ, ಒಬ್ಬರೂ ತಂದಂಗ ಕಾಣೂದಿಲ್ಲಲ್ಲ" ಎಂಬ ಮಾತು ಬಂದರೆ, ಈಚೆಯಿಂದ ಅವ್ವ, "ಅತ್ತೀ, ನಾಳಿ ತರಸ್ತೇನ್ರೀ" ಎಂದು ಕೂಗುತ್ತಿದ್ದಳು. ಆಯಿ ಪಕ್ಕದಲ್ಲೇ ಕುಳಿತಿರುತ್ತಿದ್ದಳು. "ನನ್ನ ಕಿವ್ಯಾಗ ಯಾಕ ಒದರ್ತಿ, ಹೇಳೂದಿದ್ರ ಆ ಕಡಿ ಮುಖ ಮಾಡಿ ಹೇಳು" ಎಂದು ಒಮ್ಮೆ ಹೇಳಿದಳು. ಅವ್ವ ನಾಚಿ ಒಳಗೆ ಹೋದಳು. ಮರುದಿನದಿಂದ ಮತ್ತೆ ಅದೇ.

ಆ ಎರಡನೆಯ ಮಳೆಗಾಲದಲ್ಲಿ ನನಗೆ ಚಳಿಜ್ವರ ಬಂತು. ದಿನ ಬಿಟ್ಟು ದಿನ, ಮಧ್ಯಾಹ್ನವಾಯಿತೆಂದರೆ ಹಲ್ಲು ಕಟಕಟನೆ ಬಡಿಯುವ ಚಳಿ. ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಹೊದಿಸಿದರೂ ಹೋಗದು. ಆಮೇಲೆ ಬೆಂಕಿಯಂಥ ಜ್ವರ, ಆಮೇಲೆ ಬೆವರು. ಮಲೇರಿಯಾದ ಕೆಲಸಕ್ಕೆ ಮನೆಮನೆಗೆ ಬರುತ್ತಿದ್ದವರು ನನ್ನ ಬೆರಳಿಗೆ ಸೂಜಿ ಚುಚ್ಚಿ ಗಾಜಿನ ಮೇಲೆ ರಕ್ತ ಒರೆಸಿಕೊಂಡರು, ಕಹಿ ಗುಳಿಗೆ ಕೊಟ್ಟರು. ಹಿತ್ತಲಿಗೆ ಬಂದು ನೋಡಿ, "ತಾಯೀ, ಗುಳಿಗಿ ನಾ ಕೊಡ್ತೇನ್ರಿ. ಆದ್ರ ಈ ನೀರು ಹಿಂಗ ನಿಂತಿತ್ತಂದ್ರ ಜ್ವರ ಮತ್ತ ಬರತೈತಿ" ಎಂದರು. ಅವರು ನಮ್ಮ ಮನೆಯಿಂದ ದೊಡ್ಡವ್ವನ ಮನೆಗೆ ಹೋದರು. ಅಲ್ಲಿ ಶಾಂತಕ್ಕ ಮಲಗಿದ್ದಳು. ಹೈಸ್ಕೂಲಿಗೆ ಹೋಗುತ್ತಿದ್ದ ಶಾಂತಕ್ಕನ ಉದ್ದ ಜಡೆ ಜ್ವರದಲ್ಲಿ ಉದುರುತ್ತಿದೆಯೆಂದು ಮರುದಿನ ದೊಡ್ಡವ್ವ ಎಮ್ಮೆಗೆ ಹೇಳಿದಳು. ಆಮೇಲೆ ಮೆತ್ತಗೆ, "ಆ ಕಡಿ ಕೂಸು ಎರಡು ತುತ್ತರ ಉಣ್ಣತೈತೇನ ಗೌರೀ?" ಎಂದಳು. ಅವ್ವ ಆ ದಿನ ಆಯಿಯ ಕಡೆ ತಿರುಗಲಿಲ್ಲ. ಸೀದಾ ಗೋಡೆಯನ್ನೇ ನೋಡಿ, "ಉಣ್ಣವಲ್ಲದು" ಎಂದಳು. ಅಷ್ಟೇ.

ಅಪ್ಪನಿಗೆ ಅವ್ವ ಆ ರಾತ್ರಿ ಊಟಕ್ಕೆ ಬಡಿಸುವಾಗ ಹೇಳಿದಳು: ಗೋಡೆಗೊಂದು ಕಿಂಡಿ ಬೇಕು ಎಂದು. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. "ಅವನ ಕೇಳಬೇಕಾಗತೈತಿ" ಎಂದ. ಅವನ ಸ್ವರದಲ್ಲಿ ಸಿಟ್ಟಿರಲಿಲ್ಲ. ಕೇಳುವ ದಾರಿಯೇ ತನಗೆ ಮರೆತುಹೋಗಿದೆ ಎಂಬಂತಿತ್ತು. ಮರುದಿನ ಸಂಜೆ ಹಾಲು ಹಿಂಡುವಾಗ ದೊಡ್ಡವ್ವ, "ಗೌರೀ, ನಾಳಿ ನಿನ್ನ ಬೇಲಿ ಕಡಿ ಗೂಟಕ್ಕ ಕಟ್ಟತೇನಿ. ಗ್ವಾಡಿ ಹತ್ರ ಸ್ವಲ್ಪ ಕೆಲಸ ಐತಿ" ಎಂದಳು. ಅಕ್ಕಿ ಆರಿಸುತ್ತಿದ್ದ ಅವ್ವನ ಕೈ ಮೊರದ ಮೇಲೆ ನಿಂತಿತು. ಹೊಸ್ತಿಲ ಬಳಿ ಹೊರಸಿನ ಮೇಲೆ ಮಲಗಿದ್ದ ನನಗೆ ಅವಳ ಮುಖ ಕಾಣುತ್ತಿತ್ತು. ಮೊರ ಕೆಳಗಿಟ್ಟು, "ಅತ್ತೀ, ನಾಳಿ ಮುಂಜಾನೆ ಹೋದ್ರ ಗಂಡಸರು ಬರೂದು ಸಂಜೀಕನರೀ" ಎಂದಳು. ಆಯಿ ಎಲೆಯಡಿಕೆ ಕುಟ್ಟುತ್ತಲೇ, "ಹಂಗಾರ ಹಾರಿ ಎಲ್ಲಿ ಐತಿ ನೋಡಿ ಇಟಗೊ" ಎಂದಳು.

ಆ ಮುಂಜಾನೆ ಮಳೆ ಬಿಟ್ಟು ಎಳೆಬಿಸಿಲು ಬಿದ್ದಿತ್ತು. ಅಪ್ಪ ಹೋದ ಮೇಲೆ ಅವ್ವ ನನ್ನ ಹೊರಸನ್ನು ಹಿತ್ತಲ ಬಾಗಿಲಿಗೆ ಇನ್ನಷ್ಟು ಹತ್ತಿರ ಎಳೆದಳು, ಸೀರೆಯನ್ನು ಕಚ್ಚೆಯಂತೆ ಎತ್ತಿ ಸಿಕ್ಕಿಸಿದಳು, ಗುದ್ದಲಿ, ಹಾರೆ, ಬುಟ್ಟಿ ಹಿಡಿದು ನೀರಿಗಿಳಿದಳು. ಆಯಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಕೋಲು ಚಾಚಿ ತೋರಿಸಿದಳು. "ಬಚ್ಚಲ ಬಾಯಿಂದ ಹಿಡಿ. ಗರಸಿನ ಬುಡಕ ಕಲ್ಲು ಸಿಗತಾವ. ನಿಮ್ಮ ಮಾವ ಹಾಸುಗಲ್ಲು ಹಾಕಿಸಿದ್ರು, ಎಲ್ಲೂ ಹೋಗಿಲ್ಲ ಅವು." ಗುದ್ದಲಿ ಕೆಸರಿಗೆ ಬಿದ್ದಾಗ ಪಚಪಚ ಎನ್ನುತ್ತಿತ್ತು. ಬಹಳ ಹೊತ್ತಿನ ಮೇಲೆ ಟಣ್ ಎಂದಿತು. ಆಯಿಗೂ ಆ ಸಪ್ಪಳ ಕೇಳಿಸಿತು; ಅವಳ ಮುಖ ಅರಳಿದ್ದನ್ನು ನಾನು ಕಂಡೆ. ಅವ್ವ ಆ ಕಲ್ಲಿನ ಜಾಡು ಹಿಡಿದು, ಮೇಲಿನ ಗರಸು ಸರಿಸಿ, ಗಟಾರದಲ್ಲಿ ತುಂಬಿದ ಕೆಸರನ್ನು ಎರಡೂ ಕೈಯಿಂದ ಬಾಚಿ ಬಾಚಿ ಬುಟ್ಟಿಗೆ ತುಂಬಿದಳು. ಕೆಸರಿನ ಜೊತೆ ಬಳೆಚೂರುಗಳು ಬಂದವು. ಅವ್ವ ಅವನ್ನು ತೊಳೆದು ಅಂಗೈಯಲ್ಲಿಟ್ಟು ನೋಡಿದಳು. ಹಸಿರು ಅವಳವು, ಕೆಂಪು ದೊಡ್ಡವ್ವನವು. ಇಬ್ಬರೂ ಅಕ್ಕಪಕ್ಕ ಕುಳಿತು ಪಾತ್ರೆ ತಿಕ್ಕುತ್ತಿದ್ದ ಕಾಲದಲ್ಲಿ ಒಡೆದವು. ಅವನ್ನು ತುಳಸಿಕಟ್ಟೆಯ ಮೇಲಿಟ್ಟು ಮತ್ತೆ ಬಗ್ಗಿದಳು.

ಗಟಾರ ಗೋಡೆಗೆ ಬಂದು ನಿಂತಿತು. ಅವ್ವನೂ ನಿಂತಳು. ಹಾರೆ ಕೈಯಲ್ಲಿತ್ತು, ಎತ್ತಲಿಲ್ಲ. ಅಲ್ಲಿಯತನಕ ಅವಳು ತನ್ನ ಮನೆಯ ನೆಲ ಅಗೆದಿದ್ದಳು, ಗೋಡೆ ಗಂಡಸರದು. ಆಗ ಆ ಕಡೆಯಿಂದ ಧಡ್ ಎಂಬ ಸಪ್ಪಳ ಬಂತು. ಮತ್ತೊಂದು. ಗೋಡೆಯ ಬುಡದಿಂದ ಕೆಸರಿನ ಹೆಂಟೆ ಉದುರಿ ನೀರಿಗೆ ಬಿತ್ತು.

"ಗಿರಿಜಾ, ಹಿಂದಕ್ಕ ಸರಿ. ಇಟ್ಟಂಗಿ ಕಾಲ ಮ್ಯಾಲ ಬಿದ್ದೀತು."

ಅದು ದೊಡ್ಡವ್ವನ ದನಿ, ಅವ್ವನನ್ನು ಹೆಸರು ಹಿಡಿದು ಕರೆದಿತ್ತು, ಮತ್ತು ಆ ದನಿ ಎಮ್ಮೆಗೆ ಮಾತಾಡುತ್ತಿರಲಿಲ್ಲ. ಅವ್ವ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. "ಸರದೇನಿ ಅಕ್ಕಾ" ಎಂದಳು. ಆಮೇಲೆ ತಾನೂ ಹಾರೆ ಎತ್ತಿದಳು. ಆ ಕಡೆಯಿಂದೊಂದು, ಈ ಕಡೆಯಿಂದೊಂದು ಏಟು ಬೀಳುತ್ತ ಗೌಂಡಿ ಮುಚ್ಚಿದ್ದ ಇಟ್ಟಂಗಿಗಳು ಸಡಿಲಾದವು. ಕಡೆಯದನ್ನು ಅವ್ವ ಇತ್ತ ಎಳೆದುಕೊಂಡಾಗ ಆ ತೂತಿನೊಳಗಿಂದ ಕೆಸರು ಮೆತ್ತಿದ ಒಂದು ಕೈ ಬಂದು, ಅಂಚಿನ ಮಣ್ಣನ್ನು ತಡವಿ ನೋಡಿತು. ಅವ್ವ ಆ ಕೈಯನ್ನು ಹಿಡಿದುಕೊಂಡಳು. ಆಯಿ ಕಲ್ಲಿನ ಮೇಲಿಂದ, "ನೀರು ಹೋತೇನ?" ಎಂದು ಕೇಳಿದಳು.

ಹೋಗಲಿಲ್ಲ. ಬದಲಿಗೆ ಆ ಕಡೆಯ ಕಪ್ಪು ನೀರೇ ನಮ್ಮ ಕಡೆ ನುಗ್ಗಿತು. ಗೋಡೆಯಾಚೆಯ ಗಟಾರದಲ್ಲಿ ಎರಡು ಮಳೆಗಾಲದ ಸಗಣಿ, ಎಮ್ಮೆ ತಿಂದು ಬಿಟ್ಟ ಕಣಿಕೆ, ಮಣ್ಣು ತುಂಬಿ ಗಟ್ಟಿಯಾಗಿ, ಅಲ್ಲಿಯ ನೆಲ ನಮ್ಮದಕ್ಕಿಂತ ಎತ್ತರವಾಗಿಬಿಟ್ಟಿತ್ತು. ತೂತಿನಲ್ಲಿ ಬಗ್ಗಿ ನೋಡಿದ ಅವ್ವನ ಮುಖ ಬಾಡಿತು. ಆ ಕಡೆಯಿಂದ ದೊಡ್ಡವ್ವ, "ಹಳ್ಳದ ತನಾ ಎಲ್ಲಾ ತಗೀಬೇಕವಾ. ನನ್ನೊಬ್ಬಾಕಿ ಕೈಲೆ ಆಗೂದಲ್ಲ" ಎಂದಳು. ಶಾಂತಕ್ಕ ಏಳುವ ಸ್ಥಿತಿಯಲ್ಲಿರಲಿಲ್ಲ. ಅವ್ವ ಗುದ್ದಲಿ ಹೆಗಲಿಗೆ ಹಾಕಿಕೊಂಡಳು. ಗೋಡೆ ಹತ್ತುವ ಹಾಗಿರಲಿಲ್ಲ. ಆ ಕಡೆ ಹೋಗಲು ಇದ್ದದ್ದು ಮುಂಬಾಗಿಲ ದಾರಿಯೊಂದೇ. ಮೊಣಕಾಲ ತನಕ ಕೆಸರು, ಎತ್ತಿ ಕಟ್ಟಿದ ಸೀರೆ, ಕೆದರಿದ ಕೂದಲು, ಅದೇ ಅವತಾರದಲ್ಲಿ ಅವಳು ನಡುಮನೆ, ಪಡಸಾಲೆ ದಾಟಿ ಓಣಿಗಿಳಿದಳು. ಎದುರು ಕಟ್ಟೆಗಳ ಮೇಲೆ ಮೆಣಸಿನಕಾಯಿ ವ್ಯಾಪಾರದ ಮಾತಾಡುತ್ತ ಕುಳಿತಿದ್ದ ಹಿರಿಯರು ಮಾತು ನಿಲ್ಲಿಸಿ ನೋಡಿದರಂತೆ. ತಲೆಯ ಮೇಲಿನ ಸೆರಗು ಜಾರದಂತೆ ಓಣಿಯಲ್ಲಿ ನಡೆಯುತ್ತಿದ್ದ ಹೆಂಗಸು ಅವಳು. ಆ ದಿನ ಯಾರ ಮುಖವನ್ನೂ ನೋಡದೆ ದೊಡ್ಡಪ್ಪನ ಮನೆಯ ಕಟ್ಟೆ ಹತ್ತಿ ಒಳಗೆ ಹೋದಳು.

ಈ ಕಡೆ ನಾನು ಮತ್ತು ಆಯಿ ಉಳಿದೆವು. ಆಯಿ ಒಂದು ಬೊಗಸೆ ಜೋಳದ ಹೊಟ್ಟು ನನ್ನಿಂದ ತರಿಸಿಕೊಂಡು, ಕುಳಿತಲ್ಲಿಂದಲೇ ಗಟಾರದ ನೀರಿಗೆ ಉದುರಿಸಿದಳು. "ನಂಗ ಅಷ್ಟ ದೂರ ಕಾಣೂದಿಲ್ಲ. ಹೊಟ್ಟು ಯಾ ಕಡಿ ಹೊಂಟೈತಿ, ನೀ ಹೇಳಬೇಕು" ಎಂದಳು. ನಾನು ಕೌದಿ ಹೊದ್ದು ಹೊಸ್ತಿಲ ಮೇಲೆ ಕುಳಿತೆ. ಗೋಡೆಯಾಚೆ ಗುದ್ದಲಿಗಳ ಸಪ್ಪಳ, ಇಬ್ಬರು ಹೆಂಗಸರ ಏದುಸಿರು, ನಡುನಡುವೆ ತುಂಡು ಮಾತು, ಒಮ್ಮೆ ಸಣ್ಣ ನಗು. ಅಂಥ ನಗುವನ್ನು ನಾನು ಅವ್ವನಿಂದ ಬಹಳ ದಿನ ಕೇಳಿರಲಿಲ್ಲ.

"ಈಗ?" ಆಯಿ ಕೇಳುತ್ತಿದ್ದಳು.

"ಈ ಕಡೀನ ಬರಾಕತ್ತೈತಿ ಆಯಿ."

ಮತ್ತಷ್ಟು ಹೊತ್ತು. "ಈಗ?"

"ನಿಂತೈತಿ."

ಬಿಸಿಲು ತುಳಸಿಕಟ್ಟೆಯಿಂದ ಗೋಡೆಯ ಬುಡಕ್ಕೆ ಸರಿಯಿತು. ಹೊಟ್ಟು ನೀರ ಮೇಲೆ ಒಂದು ಬಂಗಾರದ ಚಾಪೆಯಂತೆ ಹರಡಿ ಅಲ್ಲಾಡದೆ ಇತ್ತು. ಆಮೇಲೆ ಅದರ ಒಂದು ಮೂಲೆ ಚೂಪಾಯಿತು. ಆ ಚೂಪು ತೂತಿನ ಕಡೆ ತಿರುಗಿತು. ಒಂದು ಎಳೆ, ಇನ್ನೊಂದು ಎಳೆ, ಆಮೇಲೆ ಇಡೀ ಹೊಟ್ಟು ಸರಿದು ಗೋಡೆಯ ಕೆಳಗೆ ನುಸುಳಿ ಹೋಯಿತು. "ಹೊಂಟೈತಿ ಆಯಿ. ಆ ಕಡಿ ಹೊಂಟೈತಿ" ಎಂದೆ. ನನ್ನ ದನಿ ಜ್ವರದಲ್ಲಿ ಒಡೆದಿತ್ತು. ಆಯಿ ಕೋಲು ಊರಿ ಎದ್ದು ನಿಂತಳು. ಎರಡು ಮಳೆಗಾಲ ಸುಮ್ಮನಿದ್ದ ಹಿತ್ತಲಲ್ಲಿ ಗಳಗಳ ಎಂಬ ಸಪ್ಪಳ ಹುಟ್ಟಿತು. ಮಂದ ಕಿವಿಯ ಆಯಿ ಅದನ್ನು ತಲೆ ವಾಲಿಸಿ ಕೇಳಿದಳು, ಬಹಳ ಹೊತ್ತು ಕೇಳಿದಳು.

ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ನಮ್ಮ ಮನೆಗೆ ಬಂದರು, ಮುಂಬಾಗಿಲಿನಿಂದಲೇ. ಕೈಕಾಲು ತೊಳೆದು ದೊಡ್ಡವ್ವ ನನ್ನ ಹೊರಸಿನ ಮೇಲೆ ಕುಳಿತಳು. ಅವಳ ಕೈಯಲ್ಲಿ ಇನ್ನೂ ಕೆಸರಿನ ವಾಸನೆಯಿತ್ತು, ಸೆರಗಿನಲ್ಲಿ ಎಮ್ಮೆಯ ಹಾಲಿನದು. ನನ್ನ ಹಣೆ ಮುಟ್ಟಿ, ಕುತ್ತಿಗೆ ಮುಟ್ಟಿ, "ಎಷ್ಟ ಸೊರಗಿಬಿಟ್ಟೀಯೇ ಸುಮೀ" ಎಂದಳು. ಅವ್ವ ಒಲೆ ಹೊತ್ತಿಸಿ ಜೋಳದ ಹಿಟ್ಟು ಕಲಸಿದಳು. ದೊಡ್ಡವ್ವ ಎದ್ದು ಹೋಗಿ, ಯಾರೂ ಹೇಳದೆ, ಬೇಯಿಸುವ ಜಾಗದಲ್ಲಿ ಕುಳಿತಳು. ಬಡಿಯುವ ಸಪ್ಪಳ ಶುರುವಾಯಿತು. ಆ ದಿನ ನಾನು ಬಿಸಿ ರೊಟ್ಟಿ ಹಾಲಿನಲ್ಲಿ ಕಿವುಚಿ ತಿಂದೆ. ಶಾಂತಕ್ಕನಿಗೂ ಒಂದು ತಾಟಿನಲ್ಲಿ ಹೋಯಿತು.

ಸಂಜೆ ಅಪ್ಪ ಬಂದ. ಹಿತ್ತಲ ಬಾಗಿಲಲ್ಲಿ ನಿಂತವನು ಹಾಗೇ ನಿಂತ. ನೀರಿರಲಿಲ್ಲ. ನುಣ್ಣಗಿನ ಕೆಸರು, ಅದರ ಮೇಲೆ ನೀರು ಹೋದ ಗೆರೆಗಳು, ಗೋಡೆಯ ಬುಡದಲ್ಲಿ ಒಂದು ಕಪ್ಪು ಬಾಯಿ. ಅವ್ವ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. "ಯಾರು ತಗಸಿದ್ರು?" ಎಂದು ಅಪ್ಪ ಕೇಳಿದ. ಆಯಿ, "ನಾ ತಗಸೀನಿ. ಏನಾತು ಈಗ?" ಎಂದಳು. ಅಪ್ಪ ಚಪ್ಪಲಿ ಬಿಟ್ಟು ಕೆಸರಿಗಿಳಿದ. ಗೋಡೆಯ ಹತ್ತಿರ ಹೋಗಿ ಕುಕ್ಕುರುಗಾಲಲ್ಲಿ ಕುಳಿತು ತೂತಿನೊಳಗೆ ನೋಡಿದ. ಅದೇ ಹೊತ್ತಿಗೆ ರಾಣೆಬೆನ್ನೂರಿನಿಂದ ಬಂದ ದೊಡ್ಡಪ್ಪನೂ ಆ ಕಡೆ ಬಂದು ನಿಂತಿರಬೇಕು. ಅಪ್ಪನಿಗೆ ಕಂಡದ್ದು ಅಣ್ಣನ ಪಾದಗಳಷ್ಟೇ ಎಂದು ಮುಂದೊಮ್ಮೆ ಅವನೇ ಹೇಳಿದ. ಆಮೇಲೆ ದೊಡ್ಡಪ್ಪನ ದನಿ ಬಂತು, ಒಣ ದನಿ: "ಬಾಯಿಗೆ ಒಂದು ಜಾಳಗಿ ಹಾಕಸಬೇಕು. ಇಲ್ಲಂದ್ರ ಇಲಿ ಬರತಾವ."

ಅಪ್ಪ ತೂತಿನ ಅಗಲಕ್ಕೆ ಗೇಣು ಹಾಕಿ ನೋಡಿದ. "ರಾಣೆಬೆನ್ನೂರಾಗ ಸಿಗತೈತೇನು?"

"ಸಿಗತೈತಿ. ನಾಳಿ ತರ್ತೇನಿ."

ಅಷ್ಟೇ ಮಾತು. ಅಪ್ಪ ಎದ್ದು ಕಾಲು ತೊಳೆಯಲು ಬಚ್ಚಲಿಗೆ ಹೋದ. ಎಷ್ಟೋ ಹೊತ್ತು ನೀರು ಹುಯ್ದುಕೊಳ್ಳುತ್ತಲೇ ಇದ್ದ. ಆ ನೀರೂ ಗಟಾರ ಹಿಡಿದು ಹೋಗುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಹೊರಗೆ ಬಂದಾಗ ಅವನ ಕಣ್ಣು ಕೆಂಪಾಗಿದ್ದವು. ಅವ್ವ ಟವೆಲು ಕೊಟ್ಟಳು.

ಆ ಗೋಡೆ ಬೀಳಲಿಲ್ಲ. ನೀವು ಹಾಗೆ ಅಂದುಕೊಂಡಿದ್ದರೆ ನಾನೇನೂ ಮಾಡಲಾರೆ. ಅಣ್ಣತಮ್ಮಂದಿರು ಆಮೇಲೂ ಹರಟೆ ಹೊಡೆಯುವವರಾಗಲಿಲ್ಲ. ಆದರೆ ಪ್ರತಿವರ್ಷ ಮಿರಗದ, ಅಂದರೆ ಮೃಗಶಿರದ, ಮಳೆಗೆ ಮೊದಲು ಒಂದು ಭಾನುವಾರ ಇಬ್ಬರೂ ತಮ್ಮ ತಮ್ಮ ಕಡೆ ಗಟಾರಕ್ಕಿಳಿದು ಕೆಸರು ತೆಗೆಯುತ್ತಿದ್ದರು, ಗೋಡೆಯ ಎರಡೂ ಬದಿಯಿಂದ ಮಾತಾಡುತ್ತಿದ್ದರು: ನಿನ್ನ ಕಡಿ ಕಲ್ಲು ಕುಸದೈತಿ, ಇನ್ನ ನಾಲ್ಕು ಬೆರಳು ಅಗಿ, ಈಗ ನೀರು ಹಾಕಿ ನೋಡು. ಗಟಾರದ ಮಾತು ಮುಗಿದ ಮೇಲೆ ಒಮ್ಮೊಮ್ಮೆ ಅಜ್ಜನ ಮಾತು ಬರುತ್ತಿತ್ತು. ಹೆಂಗಸರಿಗೆ ಆ ಮೇಲೆ ಎಮ್ಮೆಯೂ ಬೇಕಾಗಲಿಲ್ಲ, ಆಯಿಯ ಕಿವಿಯೂ ಬೇಕಾಗಲಿಲ್ಲ. ನನ್ನ ಜ್ವರ ಹೋಯಿತು, ಶಾಂತಕ್ಕನ ಜಡೆ ಮತ್ತೆ ಬೆಳೆಯಿತು. ಅವ್ವ ಗಟಾರದ ಉದ್ದಕ್ಕೂ ಅಬ್ಬಲಿಗೆ ಹಚ್ಚಿದಳು. ಬಚ್ಚಲ ನೀರು ಕುಡಿದು ಅದು ಕಿತ್ತಳೆ ಬಣ್ಣದ ಬೇಲಿಯಂತೆ ಹೂ ಬಿಡುತ್ತಿತ್ತು. ಗೋಡೆಯಾಚೆಯೂ ಅದೇ ಹೂವು, ಬೀಜ ನೀರಿನ ಜೊತೆ ಹೋಗಿ ತಾನೇ ಹುಟ್ಟಿದ್ದು. ನಾಲ್ಕೈದು ವರ್ಷಗಳ ಮೇಲೆ ಒಂದು ಶ್ರಾವಣದಲ್ಲಿ, ಜಿಟಿಜಿಟಿ ಮಳೆಯ ನಡುವೆ ಆಯಿ ತೀರಿಕೊಂಡಳು. ಮನೆತುಂಬ ಜನ. ಅವಳಿಗೆ ಕಡೆಯ ಸ್ನಾನ ಮಾಡಿಸಲು ಹಿತ್ತಲಿಗೆ ತಂದಾಗ ಕಾಲಿಗೆ ಕೆಸರು ಹತ್ತಲಿಲ್ಲ. ಇಬ್ಬರು ಸೊಸೆಯರು ಸೇರಿ ಅವಳಿಗೆ ನೀರು ಹಾಕಿದರು. ಇಬ್ಬರು ಗಂಡುಮಕ್ಕಳು ಅಕ್ಕಪಕ್ಕ ನಿಂತಿದ್ದರು.

ಆಮೇಲೆ ಎಲ್ಲ ಮನೆಗಳಿಗೆ ಆಗುವುದೇ ನಮ್ಮ ಮನೆಗೂ ಆಯಿತು. ಶಾಂತಕ್ಕ ಮದುವೆಯಾಗಿ ಹೋದಳು. ಅಂಗಡಿಗೆ ಹತ್ತಿರವಾಗಲೆಂದು ದೊಡ್ಡಪ್ಪ ರಾಣೆಬೆನ್ನೂರಿನಲ್ಲೇ ಮನೆ ಮಾಡಿದ. ಹಾವೇರಿ ಜಿಲ್ಲೆಯಾದ ಮೇಲೆ ಅಪ್ಪನಿಗೆ ಅಲ್ಲಿ ಕೆಲಸ ಹೆಚ್ಚಿತು, ನಾವೂ ಅಲ್ಲಿಗೇ ಹೋದೆವು. ಎರಡೂ ಅರ್ಧಗಳನ್ನು ಒಬ್ಬರೇ ಕೊಂಡರು. ಈಗ ಅಲ್ಲಿ ಮೆಣಸಿನಕಾಯಿ ಚೀಲಗಳ ಗೋದಾಮಿದೆ, ನೆಲವೆಲ್ಲ ಸಿಮೆಂಟು. ಗೋಡೆಯನ್ನು ಮೊದಲನೆಯ ದಿನವೇ ಕೆಡವಿದರಂತೆ, ಬಲು ಸುಲಭವಾಗಿ ಬಿತ್ತಂತೆ. ಬೇವಿನ ಮರವೂ ಹೋಯಿತು. ಮಾರುವ ಕಾಗದಕ್ಕೆ ಸಹಿ ಹಾಕಲು ಅಣ್ಣತಮ್ಮ ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತಿದ್ದರು, ಒಬ್ಬನ ಪೆನ್ನನ್ನೇ ಇನ್ನೊಬ್ಬ ತೆಗೆದುಕೊಂಡ. ಅವರಿಬ್ಬರೂ ಈಗಿಲ್ಲ.

ದೊಡ್ಡವ್ವ ಕಡೆಯ ವರ್ಷಗಳಲ್ಲಿ ಹಾಸಿಗೆ ಹಿಡಿದಿದ್ದಳು. ಶಾಂತಕ್ಕ ರಾಣೆಬೆನ್ನೂರಿಗೇ ಬಂದು ತಾಯಿಯ ಜೊತೆ ಇದ್ದಳು. ಅವ್ವ ಆಗಾಗ ಹೋಗಿ ಎರಡು ಮೂರು ದಿನ ಉಳಿದು, ತಲೆಗೆ ಎಣ್ಣೆ ಹಚ್ಚಿ ಬಾಚಿ ಬರುತ್ತಿದ್ದಳು. ಒಂದು ಚಳಿಗಾಲದ ಮುಂಜಾನೆ ಸುದ್ದಿ ಬಂತು. ನಾನು ಹಾವೇರಿಗೆ ಬಂದು ಅವ್ವನನ್ನು ಕರೆದುಕೊಂಡು ಹೋದೆ. ಅವ್ವ ಅಳಲಿಲ್ಲ. ದೊಡ್ಡವ್ವನ ಬದಿಗೆ ಕುಳಿತು, ಸೀರೆಯ ನಿರಿಗೆಗಳನ್ನು ಒಂದೊಂದಾಗಿ ನೇರ ಮಾಡಿದಳು, ಕಾಲಿನ ಬೆರಳುಗಳನ್ನು ಮುಟ್ಟಿದಳು. ಶಾಂತಕ್ಕ ಅಪ್ಪಿಕೊಂಡು ಅತ್ತಾಗ, "ನಿಮ್ಮವ್ವ ನನಗಿಂತ ಮೊದಲ ಆ ಮನಿಗೆ ಬಂದಾಕಿ. ನಾ ಬಂದ ದಿನ ನನಗ ಉಣ್ಣಾಕ ಹಾಕಿದಾಕಿ ಆಕೀನ" ಎಂದಳು.

ಎಲ್ಲ ಮುಗಿಸಿ ಸಂಜೆಯ ರೈಲುಗಾಡಿಗೆ ಹೊರಟೆವು. ಜನ ಕಡಿಮೆಯಿತ್ತು. ಅವ್ವ ಕಿಟಕಿಯ ಬದಿಗೆ ಕುಳಿತು ಹೊಲಗಳನ್ನು ನೋಡುತ್ತಿದ್ದಳು. ಕೆಂಪಗೆ ಹಣ್ಣಾದ ಮೆಣಸಿನ ಗಿಡಗಳು ಸಂಜೆಬಿಸಿಲಿನಲ್ಲಿ ಹಿಂದಕ್ಕೆ ಓಡುತ್ತಿದ್ದವು. ಬ್ಯಾಡಗಿಯಲ್ಲಿ ಗಾಡಿ ನಿಂತಾಗ ಅವಳು ಎದ್ದಳು. ಚೀಲ ತೆಗೆದುಕೊಂಡಳು, ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ನಡೆದಳು. ನಾನು ಹಿಂದೆ ಹೋಗಿ, "ಅವ್ವಾ, ಇದು ಬ್ಯಾಡಗಿ. ನಾವು ಇಳಿಯೂದು ಹಾವೇರಿಯಾಗ" ಎಂದೆ. "ಗೊತ್ತೈತಿ" ಎಂದಳು. ಇಳಿಯುವವರಿಗೆ ದಾರಿ ಬಿಟ್ಟು, ಕಂಬಿ ಹಿಡಿದು ಊರಿನ ಕಡೆ ಮುಖ ಮಾಡಿ ಬದಿಗೆ ನಿಂತಳು. ಹತ್ತುವವರು ಹತ್ತಿದರು. ಗಾಡಿ ಮೆಲ್ಲಗೆ ಹೊರಟಿತು, ಪ್ಲಾಟ್‌ಫಾರಂ ಮುಗಿಯಿತು. ಆಗ ಬಂದು ತನ್ನ ಜಾಗದಲ್ಲಿ ಕುಳಿತಳು. ಚೀಲ ತೊಡೆಯ ಮೇಲಿತ್ತು, ಎರಡೂ ಕೈ ಅದರ ಮೇಲಿದ್ದವು. ಹಾವೇರಿ ಬರುವವರೆಗೂ ಅವಳು ಅದನ್ನು ಕೆಳಗಿಡಲಿಲ್ಲ.